ಸಹಾಯ ಬೇಕು: ಫ್ಯಾನ್ ತಿರಗತಾವ, ಸ್ಕ್ರೀನ್ ಮಾತ್ರ ಕಪ್ಪ

ಎಲ್ಲಾರಿಗೂ ನಮಸ್ಕಾರ ರೀ. ನಾವು ವಿಜಯಪುರದವರು. ಒಂಬತ್ತನೇ ಕ್ಲಾಸ್ ಓದೋ ಮಗಳ ಜೋಡಿ ಮೊದಲನೇ ಸಲ ಗೇಮಿಂಗ್ ಕಂಪ್ಯೂಟರ್ ಜೋಡಸಾಕತ್ತೀನಿ. ಹೊಲದಾಗ ಪಂಪ್‌ಸೆಟ್ ಬಿಚ್ಚಿ ಕೂಡಿಸಿದ ಕೈ ನಂದು, ಇದೇನ್ ಮಹಾ ಅಂದ್ಕೊಂಡಿದ್ದೆ!

ರೈಝನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲಾ ಹೊಸಾವು. ರೊಕ್ಕ ಉಳಸಾಕ ಹೋಗಿ ಬಿ450 ಮದರ್‌ಬೋರ್ಡ್ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡ್ವಿ. ಪವರ್ ಒತ್ತಿದ್ರ ಫ್ಯಾನ್ ತಿರಗತಾವ, ಬೋರ್ಡ್ ಮ್ಯಾಲಿನ ‘ಸಿಪಿಯು’ ದೀಪ ಹತ್ತಿ ಹಂಗ ಉಳೀತದ, ಮಾನಿಟರ್‌ನ್ಯಾಗ ಏನೂ ಬರವಲ್ದು.

ಮೊದಲ ನಾನು ಎಚ್‌ಡಿಎಂಐ ವೈರ್ ಬೋರ್ಡಿಗೇ ಹಾಕಿದ್ದೆ. "ಅಪ್ಪಾ, ಈ ಪ್ರೊಸೆಸರ್‌ದಾಗ ಗ್ರಾಫಿಕ್ಸ್ ಇಲ್ಲ, ಕಾರ್ಡಿಗೆ ಹಾಕು" ಅಂತ ಮಗಳೇ ತಿದ್ದಿದಳು. ಆದ್ರೂ ಅಷ್ಟ. ಪ್ರೊಸೆಸರಿನ 8 ಪಿನ್ ವೈರ್ ಬಿಗಿಯಾಗಿ ಕುಂತದ. ರ‍್ಯಾಮ್ ಒಂದೊಂದ ಹಾಕಿ ನೋಡಿದ್ವಿ, ಬೋರ್ಡಿನ ಸೆಲ್ ತಗದು ಹತ್ತು ನಿಮಿಷ ಬಿಟ್ಟು ಮತ್ತ ಹಾಕಿದ್ವಿ.

ಮಗಳ ಅನುಮಾನ ಏನಂದ್ರ, ಬಿ450 ಬಂದದ್ದು 2018ರಾಗ, 5600 ಬಂದದ್ದು 2022ರಾಗ. ಬಯೋಸ್ (ಕಂಪ್ಯೂಟರ್ ಚಾಲೂ ಮಾಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೇದಿದ್ರ ಈ ಪ್ರೊಸೆಸರಿನ ಗುರ್ತೇ ಹಿಡಿಯಂಗಿಲ್ಲ. ಪೆನ್‌ಡ್ರೈವ್‌ಲೇ ಸೀದಾ ಬಯೋಸ್ ಹಾಕೋ ಫ್ಲ್ಯಾಶ್‌ಬ್ಯಾಕ್ ಬಟನ್ನೂ ಈ ಬೋರ್ಡಿಗಿಲ್ಲ.

ಅದಕ್ಕ ಕೇಳ್ತೀನಿ: ಊರಾಗ ಯಾರ ಹತ್ರರೆ ಹಳೇ ರೈಝನ್ 2600 ಅಥವಾ 3600 ಪ್ರೊಸೆಸರ್ ಅದ ಏನ್ರಿ? ಅದನ್ನ ಹಾಕಿ ಬೋರ್ಡ್ ಚಾಲೂ ಮಾಡಿ, ಬಯೋಸ್ ಅಪ್‌ಡೇಟ್ ಮಾಡ್ಕೊಂತೀವಿ. ಒಂದು ತಾಸಿನ ಮಟ್ಟಿಗೆ ಸಾಕು. ಕ್ಯಾಬಿನೆಟ್ ಹೊತ್ಕೊಂಡು ನಾವೇ ನಿಮ್ಮನಿಗೆ ಬರ್ತೀವಿ, ಪ್ರೊಸೆಸರ್ ಮ್ಯಾಲ ಹಚ್ಚೋ ಥರ್ಮಲ್ ಪೇಸ್ಟ್ ನಾವೇ ತರ್ತೀವಿ. ಅಪ್‌ಡೇಟ್ ನಡುವ ಕರೆಂಟ್ ಹೋದ್ರ ಬೋರ್ಡೇ ಕೆಡಬಹುದಂತ, ಯುಪಿಎಸ್ ಇದ್ದವರಾದ್ರ ಇನ್ನೂ ಚಲೋ. ಮತ್ತ ನಾವು ಬ್ಯಾರೆ ಏನರೆ ತಪ್ಪ ಮಾಡಿದ್ರ ಅದನ್ನೂ ಹೇಳ್ರಿ.