ಲಾಟರಿಯಲ್ಲಿ ಚಾರ್ಟರ್ ಸೀಟು ಸಿಕ್ಕಿದೆ, ಏನು ಮಾಡಲಿ?

ಚಾಂಡ್ಲರ್, ಅರಿಜೋನಾ: ಅಮೆರಿಕದ ಬೇರೆ ಬೇರೆ ಊರಲ್ಲಿರೋ ಕನ್ನಡಿಗರೆಲ್ಲರಿಗೂ ನಮಸ್ಕಾರ. ಮಗಳು ಈ ಸಲ ಆರನೇ ಕ್ಲಾಸು. ಚಾರ್ಟರ್ ಸ್ಕೂಲಿನ (ಸರ್ಕಾರದ ದುಡ್ಡಲ್ಲಿ ಸ್ವತಂತ್ರ ಸಂಸ್ಥೆ ನಡೆಸೋ ಶಾಲೆ) ಸೀಟಿನ ಲಾಟರಿಯಲ್ಲಿ ಹೆಸರು ಬಂದಿದೆ, ಶುಕ್ರವಾರದೊಳಗೆ ಹೇಳಬೇಕು. ಈಗಿನ ಪಬ್ಲಿಕ್ (ಸರ್ಕಾರಿ) ಸ್ಕೂಲಿಗೆ ನಡೆದೇ ಹೋಗುತ್ತಾಳೆ, ಗೆಳತಿಯರೆಲ್ಲ ಅಲ್ಲೇ. ಚಾರ್ಟರ್‌ಗೆ ಬಸ್ಸಿಲ್ಲ. ಓದಿನಲ್ಲಿ ನಿಜಕ್ಕೂ ವ್ಯತ್ಯಾಸ ಆಗುತ್ತಾ?

ಡಲ್ಲಾಸ್: ಕಣ್ಣು ಮುಚ್ಚಿ ಸೇರಿಸಿ! ನಮ್ಮವನು ಚಾರ್ಟರ್‌ನಲ್ಲಿ ಏಳನೇ ಕ್ಲಾಸಿಗೇ ಆಲ್ಜೀಬ್ರಾ ಮುಗಿಸಿದ. ಫೀಸೂ ಇಲ್ಲ.

ಬಾಸ್ಟನ್: ಸ್ವಲ್ಪ ತಾಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಅನ್ನೋ ಶಿಕ್ಷಣ ಸಂಶೋಧನಾ ತಂಡ 2009ರಲ್ಲಿ 16 ರಾಜ್ಯಗಳನ್ನು ನೋಡಿತ್ತು. ಗಣಿತದಲ್ಲಿ ಪಬ್ಲಿಕ್ ಸ್ಕೂಲಿಗಿಂತ 17% ಚಾರ್ಟರ್‌ಗಳು ಮುಂದೆ, 37% ಹಿಂದೆ, ಉಳಿದದ್ದು ಸಮಸಮ. 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ವರ್ಷಕ್ಕೆ ರೀಡಿಂಗ್‌ನಲ್ಲಿ 16 ದಿನದ ಕಲಿಕೆಯಷ್ಟು, ಗಣಿತದಲ್ಲಿ 6 ದಿನದಷ್ಟು ಮುಂದಿದ್ದರು. ಇಷ್ಟಕ್ಕೇ ಇಷ್ಟು ಗಲಾಟೆ! ಆನ್‌ಲೈನ್ ಚಾರ್ಟರ್‌ಗಳಂತೂ ಗಣಿತದಲ್ಲಿ 124 ದಿನ ಹಿಂದೆ. ನಗರದ ಬಡ ಕಪ್ಪು, ಹಿಸ್ಪಾನಿಕ್ ಮಕ್ಕಳಿಗೆ ಲಾಭ ಜಾಸ್ತಿ. ನಮ್ಮೂರಲ್ಲಿ ಲಾಟರಿ ಗೆದ್ದವರನ್ನು ಸೋತವರ ಜೊತೆ ಹೋಲಿಸಿದಾಗಲೂ ಗೆದ್ದವರೇ ಮೇಲು. ಆದರೆ ಸರಾಸರಿ ಹಿಡಿದು ನಿಮ್ಮ ಮಗಳ ಶಾಲೆ ಅಳೆಯೋಕಾಗಲ್ಲ. ಆರನೇ ಕ್ಲಾಸಿಗೆ ಸೇರಿದವರಲ್ಲಿ ಹನ್ನೆರಡರವರೆಗೆ ಎಷ್ಟು ಜನ ಉಳಿದರು ಅಂತ ಕೇಳಿ. ಮಧ್ಯದಲ್ಲಿ ಬಿಟ್ಟವರು ಕೊನೆಯ ಫಲಿತಾಂಶದಲ್ಲಿ ಕಾಣಲ್ಲ.

ನ್ಯೂಜೆರ್ಸಿ: ಅಂಕಿ ಅಂಶ ಕಟ್ಟಿಕೊಂಡು ಏನಾಗಬೇಕು? ನಾವೆಲ್ಲ ಸರ್ಕಾರಿ ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂತು ಓದಿದವರಲ್ವಾ? ಮಗು ಬಿಟ್ಟುಹೋದರೆ ಅದರ ಹೆಸರಲ್ಲಿ ಶಾಲೆಗೆ ಬರೋ ಸರ್ಕಾರಿ ದುಡ್ಡೂ ಹಿಂದೆಯೇ ಹೋಗುತ್ತೆ. ಹಳೇ ಶಾಲೆ ಬಡವಾಗುತ್ತೆ. ಊರ ಶಾಲೆ ಮುಚ್ಚಿಸೋರು ನಾವೇ!

ಡಲ್ಲಾಸ್: ಸರ್, ನಿಮ್ಮ ಮಕ್ಕಳು ಪ್ರೈವೇಟ್ ಸ್ಕೂಲು ಅಲ್ವಾ?

ನ್ಯೂಜೆರ್ಸಿ: ಅದು ಬೇರೆ ವಿಷಯ.

ಫ್ರೀಮಾಂಟ್: ನಾವೂ ಹೀಗೇ ಚಾರ್ಟರ್‌ಗೆ ಓಡಿದೆವು. ದಿನಾ ಮೂರು ಗಂಟೆ ಹೋಂವರ್ಕು. ಭಾನುವಾರದ ಕನ್ನಡ ತರಗತಿ ಬಿಡಿಸಿದೆವು. ಮಾರ್ಕ್ಸ್ ಬಂತು. ಈಗ ಅಜ್ಜಿ ಫೋನ್ ಮಾಡಿದರೆ ‘ಊಟ ಆಯ್ತಾ’ ಆದಮೇಲೆ ಮಗಳಿಗೆ ಮಾತೇ ಬರಲ್ಲ.

ನ್ಯೂಜೆರ್ಸಿ: ನೋಡಿ, ಅದನ್ನೇ ನಾನು ಹೇಳಿದ್ದು.

ಬಾಸ್ಟನ್: ನೀವು ಹೇಳಿದ್ದು ದುಡ್ಡಿನ ವಿಷಯ ಸರ್.

ಚಾಂಡ್ಲರ್: ಎಲ್ಲರಿಗೂ ಥ್ಯಾಂಕ್ಸ್. ಬಾಸ್ಟನ್ ಅಣ್ಣ, ನಾಳೆನೇ ಕೇಳ್ತೀನಿ. ಈ ಕಡೆ ಯಾರಾದರೂ ಕಾರ್‌ಪೂಲ್‌ಗೆ ಇದ್ದೀರಾ? ಬೆಳಿಗ್ಗೆ ಎಂಟಕ್ಕೆ ನನಗೆ ಮೀಟಿಂಗ್ ಇರುತ್ತೆ.

ನ್ಯೂಜೆರ್ಸಿ: ಗೋಣಿಚೀಲಾನೂ ಮನೆಯಿಂದಲೇ ತರಬೇಕಿತ್ತು, ಗೊತ್ತಾ?