ಫೇಕ್ ಅಕೌಂಟ್ ಹಿಂದೆ ಇರುವವನನ್ನು ಪೊಲೀಸರು ಹೇಗೆ ಹುಡುಕುತ್ತಾರೆ? ನಿಮ್ಮ ಪ್ರಶ್ನೆಗೆ ನಿವೃತ್ತ ಇನ್‌ಸ್ಪೆಕ್ಟರ್ ಉತ್ತರ

ಅಡ್ಮಿನ್: ಈ ವಾರ ನಮ್ಮ ತುಮಕೂರು ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಸೈಬರ್ ಕೇಸುಗಳನ್ನು ನೋಡಿ ನಿವೃತ್ತರಾದ ಇನ್‌ಸ್ಪೆಕ್ಟರ್ ಒಬ್ಬರು. ಹೆಸರು ಹಾಕಬೇಡಿ ಅಂದಿದ್ದಾರೆ. ಕೇಳುವವರೂ ಹೆಸರು, ನಂಬರ್ ಹಾಕಬೇಡಿ, ಊರು ಹೇಳಿದರೆ ಸಾಕು.

ಪ್ರಶ್ನೆ, ಎಸ್.ಎಸ್. ಪುರಂನಿಂದ: ಸರ್, ಯಾರೋ ನನ್ನ ತಂಗಿ ಫೋಟೋ ಹಾಕಿ ಇನ್‌ಸ್ಟಾಗ್ರಾಮಿನಲ್ಲಿ ಫೇಕ್ ಅಕೌಂಟ್ ಮಾಡಿದ್ದಾನೆ. ಅದರಿಂದ ಅವಳ ಕಾಲೇಜಿನ ಹುಡುಗರಿಗೆಲ್ಲ ಅಸಹ್ಯವಾದ ಮೆಸೇಜ್ ಹೋಗಿದೆ. ಅವಳ ನಂಬರೂ ಹಂಚಿದ್ದಾನೆ, ರಾತ್ರಿಯೆಲ್ಲ ಯಾರ್ಯಾರೋ ಫೋನ್ ಮಾಡುತ್ತಾರೆ. ಹೆಸರಿಲ್ಲ, ಮುಖ ಗೊತ್ತಿಲ್ಲ, ಇಂಥವನನ್ನು ನಿಜವಾಗಲೂ ಹಿಡಿಯೋಕೆ ಆಗುತ್ತಾ? ಅಪ್ಪ "ಸುಮ್ನೆ ರಿಪೋರ್ಟ್ ಹೊಡೆದು ಅಕೌಂಟ್ ತೆಗೆಸಿ, ಸ್ಟೇಷನ್ ಸಹವಾಸ ಬೇಡ" ಅಂತಿದ್ದಾರೆ. ನಾನು ಅವಳ ಅಕ್ಕ.

ಉತ್ತರ: ಆಗುತ್ತದೆ ತಾಯಿ. ರಿಪೋರ್ಟ್ ಹೊಡೆಯಿರಿ, ಆದರೆ ಆಮೇಲೆ. ಮೊದಲು ಆ ಅಕೌಂಟಿನ ಗುರುತು ಹಿಡಿದಿಟ್ಟುಕೊಳ್ಳಿ. ಪ್ರೊಫೈಲ್ ತೆರೆದು ಮೇಲಿರುವ ಮೂರು ಚುಕ್ಕೆ ಒತ್ತಿ, ಪ್ರೊಫೈಲಿನ ಲಿಂಕ್ ಕಾಪಿ ಮಾಡಿಕೊಳ್ಳಿ. ಬರೀ ಫೋಟೋ ಕಾಣುವ ಸ್ಕ್ರೀನ್‌ಶಾಟ್ ತಂದು "ಇವನೇ ಸಾರ್" ಅನ್ನುವವರೇ ಜಾಸ್ತಿ, ಅದನ್ನು ಇಟ್ಟುಕೊಂಡು ಯಾರಿಗೆ ಏನಂತ ಪತ್ರ ಬರೆಯುವುದು? ಮೆಸೇಜ್ ಬಂದ ಹುಡುಗರಲ್ಲಿ ನಂಬುವಂಥವರು ಇಬ್ಬರು ಮೂವರು ಇದ್ದರೆ, ಅವರೂ ಚಾಟ್ ಅಳಿಸದೆ ಇಟ್ಟುಕೊಳ್ಳಲಿ. ತಾರೀಖು, ಟೈಮು ಕಾಣಬೇಕು.

ಇನ್ನು ಪೊಲೀಸರು ಮಾಡುವುದೇನು ಅಂದರೆ, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ ಪೊಲೀಸರಿಗೆಂದೇ ಇಟ್ಟಿರುವ ಪೋರ್ಟಲ್‌ನಲ್ಲಿ ಆ ಲಿಂಕ್ ಹಾಕಿ ವಿವರ ಕೇಳುತ್ತಾರೆ. ಅಕೌಂಟ್ ತೆರೆಯುವಾಗ ಕೊಟ್ಟ ಫೋನ್ ನಂಬರ್, ಇಮೇಲ್, ಯಾವ ಯಾವ ದಿನ ಎಷ್ಟು ಹೊತ್ತಿಗೆ ಯಾವ ಐಪಿ ಅಡ್ರೆಸ್‌ನಿಂದ ಲಾಗಿನ್ ಆಗಿದ್ದಾನೆ, ಇಷ್ಟು ಬರುತ್ತದೆ. ಐಪಿ ಅಡ್ರೆಸ್ ಅಂದರೆ ಇಂಟರ್ನೆಟ್ಟಿಗೆ ಸೇರಿದ ಕನೆಕ್ಷನ್ನಿನ ಗುರುತಿನ ನಂಬರ್. ಐಪಿ ಅಡ್ರೆಸ್ ಯಾವ ನೆಟ್ ಕಂಪನಿಯದು ಅಂತ ನೋಡುವುದು ಎರಡು ನಿಮಿಷದ ಕೆಲಸ. ಆಮೇಲೆ ಆ ಕಂಪನಿಯ ನೋಡಲ್ ಆಫೀಸರ್‌ಗೆ, ಅಂದರೆ ಪೊಲೀಸರ ಪತ್ರಗಳಿಗೆ ಉತ್ತರ ಕೊಡುವ ಅಧಿಕಾರಿಗೆ, ನೋಟಿಸ್ ಹೋಗುತ್ತದೆ. ಮೊದಲು ಇದು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 91ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ. "ಈ ಐಪಿ ಇಂಥ ಹೊತ್ತಿನಲ್ಲಿ ಯಾರ ಹತ್ತಿರ ಇತ್ತು" ಅಂತ ಕೇಳುತ್ತಾರೆ. ಕಂಪನಿಯವರು ಸಿಮ್ ಯಾರ ಹೆಸರಿನಲ್ಲಿದೆ, ವಿಳಾಸ, ಸಿಮ್ ತಗೊಳ್ಳುವಾಗ ತುಂಬಿಸಿದ ಅರ್ಜಿ, ಎಲ್ಲ ಕೊಡಬೇಕು. ಎಷ್ಟೋ ಸಲ ಅಷ್ಟು ದೂರ ಹೋಗುವುದೇ ಬೇಕಾಗಲ್ಲ, ತನ್ನದೇ ನಂಬರ್ ಕೊಟ್ಟು ಫೇಕ್ ಅಕೌಂಟ್ ತೆರೆದಿರುತ್ತಾನೆ ಪುಣ್ಯಾತ್ಮ.

ಒಂದು ಮಾತು ನೆನಪಿರಲಿ. ಅವನು ಯಾರಿಗೆ ಏನು ಮೆಸೇಜ್ ಮಾಡಿದ ಅನ್ನುವುದನ್ನು ಅಮೆರಿಕದ ಕಂಪನಿ ನಮ್ಮ ಠಾಣೆಯ ನೋಟಿಸಿಗೆ ಕೊಡುವುದಿಲ್ಲ. ಅದಕ್ಕೆ ಎರಡು ದೇಶಗಳ ನಡುವಿನ ಕಾನೂನು ಒಪ್ಪಂದದ ದಾರಿಯಲ್ಲೇ ಹೋಗಬೇಕು, ತುಂಬಾ ದಿನ ಹಿಡಿಯುತ್ತದೆ. ಅದಕ್ಕೇ ಮೆಸೇಜಿಗೆ ಸಾಕ್ಷಿ ಅಂದರೆ ನಿಮ್ಮ ಕಡೆಯ ಫೋನುಗಳೇ. ಡಿಲೀಟ್ ಮಾಡಬೇಡಿ ಅಂತ ಬಡಕೊಳ್ಳುವುದು ಇದಕ್ಕೆ.

ಪ್ರಶ್ನೆ, ತಿಪಟೂರಿನಿಂದ: ಸಾರ್, ನನಗೂ ಒಬ್ಬ ಕಾಟ ಕೊಡ್ತಿದ್ದ. ನೆಟ್‌ನಲ್ಲಿ ನೋಡಿ ಒಂದು ಲಿಂಕ್ ತಯಾರಿಸಿ ಕಳಿಸಿದೆ, ಅವನು ಒತ್ತಿದ, ಐಪಿ ಸಿಕ್ಕಿತು. ಮ್ಯಾಪ್ ಹಾಕಿ ನೋಡಿದರೆ ಚೆನ್ನೈ ತೋರಿಸುತ್ತೆ. ಆದರೆ ಅವನು ನಮ್ಮೂರಿನವನೇ ಅಂತ ನನಗೆ ಗಟ್ಟಿ ಅನುಮಾನ.

ಉತ್ತರ: ನಿಮ್ಮ ಅನುಮಾನ ಸರಿ ಇರಬಹುದು, ಮ್ಯಾಪ್ ನಂಬಬೇಡಿ. ಮೊಬೈಲ್ ನೆಟ್ ಹೊರಗಿನ ಇಂಟರ್ನೆಟ್ಟಿಗೆ ಸೇರುವ ಜಾಗ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇರುತ್ತದೆ. ತಿಪಟೂರಿನಲ್ಲಿ ಕೂತು ಒತ್ತಿದರೂ ಆ ಊರೇ ಕಾಣುತ್ತದೆ.

ಇನ್ನೊಂದು ದೊಡ್ಡ ಗೋಜಲಿದೆ. ಹಳೆಯ ಮಾದರಿಯ ಐಪಿ ಅಡ್ರೆಸ್‌ಗಳು, ಅಂದರೆ ಚುಕ್ಕೆ ಇಟ್ಟು ನಾಲ್ಕು ಸಂಖ್ಯೆ ಬರುತ್ತಲ್ಲ ಅವು, ಎಲ್ಲರಿಗೂ ಸಾಲುವಷ್ಟು ಇಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಅಡ್ರೆಸ್ಸನ್ನು ಒಂದೇ ಹೊತ್ತಿಗೆ ಎಷ್ಟೋ ಜನಕ್ಕೆ ಹಂಚುತ್ತವೆ. ನಮ್ಮ ಹಳೇ ವಠಾರಗಳ ಥರ, ಬೀದಿಗೆ ಇರುವುದು ಒಂದೇ ಬಾಗಿಲು, ಒಳಗೆ ಹತ್ತು ಸಂಸಾರ. ಒಳಗಿನ ಯಾವ ಮನೆ ಅಂತ ತಿಳಿಯಬೇಕಾದರೆ ಐಪಿ ಜೊತೆಗೆ ಒಳಗಿನ ಮನೆ ನಂಬರ್ ಇದ್ದ ಹಾಗಿರುವ ಪೋರ್ಟ್ ನಂಬರ್ ಬೇಕು, ಸೆಕೆಂಡಿನ ಲೆಕ್ಕದಲ್ಲಿ ಟೈಮ್ ಬೇಕು. ಪೋರ್ಟ್ ನಂಬರ್ ಇಲ್ಲದೆ ನೋಟಿಸ್ ಹೋದರೆ ಕಂಪನಿಯಿಂದ ನೂರಾರು ನಂಬರ್‌ಗಳ ಪಟ್ಟಿ ಬರುತ್ತದೆ, ಅದನ್ನು ಹಿಡಿದುಕೊಂಡು ಬೇರೆ ಬೇರೆ ದಿನದ ಲಾಗಿನ್‌ಗಳ ಪಟ್ಟಿಗೆ ತಾಳೆ ನೋಡಿ, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ನಂಬರ್ ಯಾವುದು ಅಂತ ಹುಡುಕಬೇಕು. ಕಣ್ಣು ಹೋಗುತ್ತದೆ ಆ ಕೆಲಸದಲ್ಲಿ. ಹೊಸ ಮಾದರಿಯ ಐಪಿವಿ6 ಅಡ್ರೆಸ್ ಬಂದಿದ್ದರೆ ಇಷ್ಟು ಕಷ್ಟ ಇಲ್ಲ, ಹೀಗೆ ಹಂಚುವ ಅಗತ್ಯ ಅದರಲ್ಲಿಲ್ಲ.

ಟೈಮ್ ವಿಷಯದಲ್ಲಿ ಎಡವಿದರೆ ಮುಗೀತು. ವಿದೇಶಿ ಕಂಪನಿಯ ಲಾಗ್‌ನಲ್ಲಿ 16:42:10 ಯುಟಿಸಿ ಅಂತ ಇರುತ್ತದೆ, ಅದು ಜಗತ್ತಿಗೆಲ್ಲ ಒಂದೇ ಆದ ಲೆಕ್ಕದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಂದರೆ ಅದು ರಾತ್ರಿ 10 ಗಂಟೆ 12 ನಿಮಿಷ 10 ಸೆಕೆಂಡ್. ಇದನ್ನು ಗಮನಿಸದೆ ಸಂಜೆ 4:42 ಅಂತ ನೋಟಿಸಿನಲ್ಲಿ ಬರೆದರೆ, ಆ ಹೊತ್ತಿಗೆ ಅದೇ ಐಪಿ ಇದ್ದ ಇನ್ಯಾರೋ ಪಾಪದವನ ಮನೆ ಬಾಗಿಲಿಗೆ ಪೊಲೀಸ್ ಹೋಗುತ್ತಾರೆ. ಇದು ತಮಾಷೆ ಅಲ್ಲ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ಆರ್ಕುಟ್ ಅನ್ನುವ ಆಗಿನ ಸೋಷಿಯಲ್ ಮೀಡಿಯಾದ ಪೋಸ್ಟ್ ಒಂದರ ಕೇಸಿನಲ್ಲಿ ಪುಣೆ ಪೊಲೀಸರು ಹಿಡಿದುಕೊಂಡು ಹೋದರು. 50 ದಿನ ಜೈಲಿನಲ್ಲಿದ್ದ. ಆಮೇಲೆ ನೋಡಿದರೆ ಐಪಿ ಅಡ್ರೆಸ್ಸಿನ ಮಾಹಿತಿಯೇ ತಪ್ಪು.

ಇನ್ನು ನಿಮ್ಮ ಲಿಂಕ್ ಆಟ ಬಿಟ್ಟುಬಿಡಿ. ನಿಮ್ಮ ಕೈಗೆ ಐಪಿ ಸಿಕ್ಕರೂ ಹೆಸರು ಸಿಗಲ್ಲ, ಅದು ಕಂಪನಿ ಹತ್ತಿರ ಮಾತ್ರ ಇರುತ್ತದೆ, ಅವರು ನಿಮಗೆ ಕೊಡುವುದೂ ಇಲ್ಲ. ಅವನಿಗೆ ಮಾತ್ರ ಎಚ್ಚರಿಕೆ ಸಿಕ್ಕಂತಾಯಿತು. "ಹತ್ತು ಸಾವಿರ ಕೊಡಿ, ಹ್ಯಾಕ್ ಮಾಡಿ ಅಡ್ರೆಸ್ ತೆಗೆದುಕೊಡ್ತೀವಿ" ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.

ಪ್ರಶ್ನೆ, ಕುಣಿಗಲ್‌ನಿಂದ: ಅಣ್ಣಾ, ವಿಪಿಎನ್ ಹಾಕಿಕೊಂಡು ಮಾಡಿದರೆ? ಸಿಮ್ ಎಸೆದುಬಿಟ್ಟರೆ?

ಉತ್ತರ: ಪ್ರಶ್ನೆ ಕೇಳುವ ರೀತಿ ನೋಡಿದರೆ ನಿಮಗೆ ಯಾಕೆ ಬೇಕು ಇದು ಅಂತ ನಾನೇ ಕೇಳಬೇಕು! ಇರಲಿ.

ವಿಪಿಎನ್ ಅಂದರೆ ನಿಜವಾದ ಐಪಿ ಮರೆಮಾಡಿ ಬೇರೆ ಐಪಿ ತೋರಿಸುವ ಸೇವೆ. ಅದು ಇದ್ದರೆ ಕಷ್ಟ, ಸುಳ್ಳು ಹೇಳಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿ, ವಿಪಿಎನ್ ಕಂಪನಿಗಳು ಗಿರಾಕಿಗಳ ವಿವರ ಐದು ವರ್ಷ ಇಡಬೇಕು ಅಂದಿತು. ಅದಕ್ಕೆ ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಆದರೆ ಕಾಟ ಕೊಡುವವನು ಒಂದು ದಿನದಲ್ಲಿ ನಿಲ್ಲಿಸುವುದಿಲ್ಲ ಅಲ್ವಾ. ತಿಂಗಳುಗಟ್ಟಲೆ ಲಾಗಿನ್ ಆಗುತ್ತಾನೆ, ಯಾವತ್ತೋ ಒಂದು ದಿನ ವಿಪಿಎನ್ ಹಾಕುವುದು ಮರೆಯುತ್ತಾನೆ. ನಮಗೆ ಆ ಒಂದು ಲಾಗಿನ್ ಸಾಕು. ಇಲ್ಲದಿದ್ದರೆ ಫೇಕ್ ಇಮೇಲಿಗೆ ರಿಕವರಿ ನಂಬರ್ ಅಂತ ತನ್ನದೋ ಅಣ್ಣನದೋ ನಂಬರ್ ಕೊಟ್ಟಿರುತ್ತಾನೆ.

ಸಿಮ್ ಎಸೆದರೆ ಪೂರ್ತಿ ತಪ್ಪಿಸಿಕೊಂಡೆ ಅಂದುಕೊಳ್ಳುವವರು ಜಾಸ್ತಿ. ಪ್ರತಿ ಫೋನಿಗೂ ಐಎಂಇಐ ಅನ್ನುವ 15 ಅಂಕಿಯ ಗುರುತಿನ ನಂಬರ್ ಇದೆ, ನಿಮ್ಮದು ನೋಡಬೇಕಾದರೆ *#06# ಒತ್ತಿ. ಎಸೆದ ಸಿಮ್ ಯಾವ ಐಎಂಇಐನಲ್ಲಿ ಓಡಿತ್ತು ಅಂತ ಕಾಲ್ ದಾಖಲೆಯಲ್ಲೇ ಬರುತ್ತದೆ. ಆ ಐಎಂಇಐ ಕೊಟ್ಟು, ಅದೇ ಫೋನಿನಲ್ಲಿ ಇನ್ಯಾವ ಸಿಮ್ ಓಡಿದೆ ಅಂತ ಎಲ್ಲ ಕಂಪನಿಗಳಿಗೂ ಕೇಳುತ್ತೇವೆ. ಹಳೇ ಸಿಮ್ ತೆಗೆದು ಅದೇ ಫೋನಿಗೆ ತನ್ನ ಸ್ವಂತ ಸಿಮ್ ಹಾಕಿರುತ್ತಾನೆ. ಇಪ್ಪತ್ತು ಸಾವಿರದ ಫೋನ್ ಎಸೆಯೋಕೆ ಯಾರಿಗೂ ಮನಸ್ಸು ಬರಲ್ಲ. ದಾಖಲೆ ಹಳೆಯದಾಗಿ ಹೋಗಿರುತ್ತೆ ಅನ್ನುವ ಧೈರ್ಯವೂ ಬೇಡ, ಟೆಲಿಕಾಂ ಕಂಪನಿಗಳು ಇವನ್ನು ಕನಿಷ್ಠ ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ಬದಲಾಗಿದೆ.

ಪ್ರಶ್ನೆ, ಗುಬ್ಬಿಯಿಂದ: ನಮ್ಮ ಮನೆ ವೈಫೈ ನನ್ನ ಹೆಸರಿನಲ್ಲಿದೆ. ಮಹಡಿ ಮೇಲೆ ಬಾಡಿಗೆಗಿರುವ ಹುಡುಗರಿಗೂ ಪಾಸ್‌ವರ್ಡ್ ಕೊಟ್ಟಿದ್ದೇನೆ. ಅವರು ಏನಾದರೂ ಮಾಡಿದರೆ ನನ್ನ ತಲೆಗೆ ಬರುತ್ತಾ?

ಉತ್ತರ: ಪೊಲೀಸ್ ಮೊದಲು ಬರುವುದು ನಿಮ್ಮ ಮನೆಗೇ. ಐಪಿ ತೋರಿಸುವುದು ಕನೆಕ್ಷನ್ ಯಾರದು ಅಂತ ಮಾತ್ರ, ಟೈಪ್ ಮಾಡಿದ ಬೆರಳು ಯಾರದು ಅಂತ ಅದಕ್ಕೆ ಗೊತ್ತಿಲ್ಲ. ನಾನು ನೋಡಿದ ಒಂದು ಕೇಸಿನಲ್ಲಿ ಕನೆಕ್ಷನ್ ಇದ್ದದ್ದು ರಿಟೈರ್ಡ್ ಮೇಷ್ಟರ ಹೆಸರಿನಲ್ಲಿ. ಪಾಪ, ಅವರಿಗೆ ಫೇಸ್‌ಬುಕ್ಕೇ ಇರಲಿಲ್ಲ. ನೋಟಿಸ್ ನೋಡಿ ಕೈ ನಡುಗುತ್ತಿತ್ತು. ರಾತ್ರಿ ಹನ್ನೊಂದರ ಮೇಲಿನ ಲಾಗಿನ್‌ಗಳೇ ಜಾಸ್ತಿ ಇದ್ದವು, ನಡುವೆ ನಾಲ್ಕೈದು ದಿನ ಏನೂ ಇಲ್ಲ. ಮೇಲಿನ ಮನೆ ಹುಡುಗ ಊರ ಜಾತ್ರೆಗೆ ಹೋಗಿದ್ದ ದಿನಗಳೂ ಅವೇ. ಅವನ ಫೋನ್ ವಶಕ್ಕೆ ತಗೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಿದ ಮೇಲೆ ಅದರಲ್ಲೇ ಆ ಅಕೌಂಟ್ ಇತ್ತು. ಫೋನ್ ಕೈಗೆ ಸಿಗುವ ತನಕ ಕೇಸು ಅರ್ಧವೇ.

ನೀವು ಪಾಸ್‌ವರ್ಡ್ ಬದಲಾಯಿಸಿ, ಅವರಿಗೆ ಬೇರೆ ಕನೆಕ್ಷನ್ ತಗೊಳ್ಳೋಕೆ ಹೇಳಿ.

ಪ್ರಶ್ನೆ, ಪಾವಗಡದಿಂದ: ನಮ್ಮ ಅತ್ತಿಗೆಗೆ ವಾಟ್ಸಾಪ್‌ನಲ್ಲಿ ಕೆಟ್ಟ ವಿಡಿಯೋ ಬರುತ್ತಿದೆ, ಆಂಧ್ರದ ನಂಬರ್. ಇಲ್ಲಿ ಹೋದರೆ ತುಮಕೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಅಂದರು. ನೂರು ಕಿಲೋಮೀಟರ್ ಹತ್ತಿರ ಆಗುತ್ತೆ ಸರ್, ಕೂಲಿ ಬಿಟ್ಟು ಹೇಗೆ ಓಡಾಡುವುದು?

ಉತ್ತರ: ದೂರು ತಗೊಳ್ಳದೆ ವಾಪಸ್ ಕಳಿಸುವ ಹಾಗಿಲ್ಲ. ಯಾವ ಠಾಣೆಯ ವ್ಯಾಪ್ತಿಯೇ ಆಗಿರಲಿ, ಗಂಭೀರ ಅಪರಾಧದ ದೂರು ಬಂದರೆ ಬರೆದುಕೊಳ್ಳಬೇಕು ಅಂತ ಸುರಕ್ಷಾ ಸಂಹಿತೆಯ 173ರಲ್ಲಿ ಇದೆ, ಝೀರೋ ಎಫ್‌ಐಆರ್ ಅನ್ನುವುದು ಅದನ್ನೇ. ಅವರು ಹೇಳಿದ್ದಕ್ಕೂ ಒಂದು ಕಾರಣ ಇದೆ. ಐಟಿ ಕಾಯ್ದೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರೇ ತನಿಖೆ ಮಾಡಬೇಕು, ಪಿಎಸ್‌ಐ ಮಾಡುವ ಹಾಗಿಲ್ಲ. ಆದರೆ ಫೈಲು ಓಡಾಡಲಿ, ನಿಮ್ಮ ಅತ್ತಿಗೆ ಯಾಕೆ ಓಡಾಡಬೇಕು? ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಿ, ಅದರ ನಂಬರ್ ಬರೆದುಕೊಂಡು ಠಾಣೆಗೆ ಹೋಗಿ. 1930ಕ್ಕೆ ಎಲ್ಲರೂ ಫೋನ್ ಮಾಡುತ್ತಾರೆ, ಅದು ಮುಖ್ಯವಾಗಿ ದುಡ್ಡು ಹೋದವರಿಗೆ. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವ, ಮಾನಕ್ಕೆ ಕುಂದು ತರುವ ಕೇಸಿನಲ್ಲಿ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಧೈರ್ಯವಾಗಿ ಕೇಳಿ.

ವಾಟ್ಸಾಪ್ ಮೆಸೇಜನ್ನು ಕಂಪನಿಯೂ ಓದೋಕೆ ಆಗಲ್ಲ, ಆದರೆ ಅಕೌಂಟ್ ವಿವರ, ಐಪಿ ಕೊಡುತ್ತಾರೆ. ಆಂಧ್ರದ ಸಿಮ್ ಆದರೆ ಅಲ್ಲಿನ ಸರ್ಕಲ್ ನೋಡಲ್ ಆಫೀಸರ್‌ಗೆ ಬರೆಯಬೇಕು, ಅಷ್ಟೇ ವ್ಯತ್ಯಾಸ. ಪಾವಗಡದ ಸುತ್ತ ಆಂಧ್ರವೇ ಇರುವುದು, ಪಕ್ಕದ ಬೀದಿಯವನೇ ಆ ಸಿಮ್ ಇಟ್ಟುಕೊಂಡಿದ್ದರೂ ಆಶ್ಚರ್ಯವಿಲ್ಲ.

ಪ್ರಶ್ನೆ, ಮಧುಗಿರಿಯಿಂದ: ಊರ ಗ್ರೂಪಿನಲ್ಲಿ ಒಬ್ಬ ನನ್ನನ್ನು ಕಳ್ಳ, ಸೊಸೈಟಿ ದುಡ್ಡು ತಿಂದವನು ಅಂತ ಬರೆದಿದ್ದಾನೆ. ಐಪಿ ತೆಗೆಸಬಹುದಾ?

ಉತ್ತರ: ಯಾರು ಅಂತ ಗೊತ್ತಿದ್ದ ಮೇಲೆ ಐಪಿ ಯಾಕೆ ಸ್ವಾಮಿ? ಮಾನಹಾನಿಗೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕೋಕೆ ಬರಲ್ಲ, ವಕೀಲರನ್ನು ಹಿಡಿದು ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು. ಮೊದಲು ಐಟಿ ಕಾಯ್ದೆಯಲ್ಲಿ ನೆಟ್‌ನಲ್ಲಿ ಕೆಟ್ಟದಾಗಿ ಬರೆದವರ ಮೇಲೆ ಹಾಕುವ 66ಎ ಅಂತ ಒಂದು ಕಲಂ ಇತ್ತು, ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ತೆಗೆದುಹಾಕಿದೆ. ಈಗಲೂ ಕೆಲವರು ಅದನ್ನೇ ಹಾಕಿ ಅಂತ ಠಾಣೆಗೆ ಬರುತ್ತಾರೆ.

ಪ್ರಶ್ನೆ, ಮತ್ತೆ ಎಸ್.ಎಸ್. ಪುರಂನಿಂದ: ಸರ್, ಅಪ್ಪನನ್ನು ಒಪ್ಪಿಸಿದ್ದೇನೆ. ಎಷ್ಟು ದಿನ ಆಗಬಹುದು? ತಂಗಿ ಹೆಸರು ಪೇಪರಿನಲ್ಲಿ ಬರುತ್ತಾ? ಅಷ್ಟರಲ್ಲಿ ಅವನು ಅಕೌಂಟ್ ಅಳಿಸಿದರೆ?

ಉತ್ತರ: ಅಳಿಸಿದರೂ ಅಕೌಂಟ್ ತೆರೆಯುವಾಗ ಕೊಟ್ಟ ವಿವರವನ್ನು 180 ದಿನ ಇಟ್ಟಿರಬೇಕು ಅಂತ 2021ರ ಐಟಿ ನಿಯಮದಲ್ಲಿದೆ. ಪೊಲೀಸರು ಮೊದಲೇ ಕೋರಿಕೆ ಕಳಿಸಿದರೆ ಮೆಟಾದವರು ದಾಖಲೆಯನ್ನು 90 ದಿನ ಕಾದಿಡುತ್ತಾರೆ. "ಪ್ರಿಸರ್ವೇಶನ್ ರಿಕ್ವೆಸ್ಟ್ ಕಳಿಸಿ ಸರ್" ಅಂತ ದೂರು ಕೊಟ್ಟ ದಿನವೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಕೆಲಸ ಗೊತ್ತಿರುವವರು ಬಂದಿದ್ದಾರೆ ಅಂತ ಸ್ವಲ್ಪ ಚುರುಕಾಗುತ್ತಾರೆ.

ದಿನದ ಲೆಕ್ಕ ಹೇಳೋಕಾಗಲ್ಲ. ಫೋನ್ ನಂಬರ್ ನೇರವಾಗಿ ಸಿಕ್ಕರೆ ಬೇಗ ಆಗುತ್ತದೆ, ವಿಪಿಎನ್ ಇದ್ದರೆ ತಿಂಗಳುಗಳೇ. ಎರಡು ವಾರಕ್ಕೊಮ್ಮೆ ಹೋಗಿ ತನಿಖಾಧಿಕಾರಿಯನ್ನು ನೋಡಿ, ಫೋನಿನಲ್ಲಿ ಕೇಳಿದರೆ "ಆಗ್ತಿದೆ" ಅಂತಲೇ ಉತ್ತರ ಬರುವುದು. ಐಟಿ ಕಾಯ್ದೆ 66ಸಿ (ಗುರುತು ಕದಿಯುವುದು), 66ಡಿ (ಬೇರೆಯವರ ಹೆಸರಿನಲ್ಲಿ ಮೋಸ) ಹಾಕುತ್ತಾರೆ, ಸಂದರ್ಭ ನೋಡಿ ಭಾರತೀಯ ನ್ಯಾಯ ಸಂಹಿತೆಯ 78 (ಹಿಂಬಾಲಿಸಿ ಕಾಡುವುದು), 79 (ಹೆಣ್ಣಿನ ಮಾನಕ್ಕೆ ಕುಂದು) ಕೂಡ. ಸೂಕ್ಷ್ಮ ಕೇಸುಗಳ ಎಫ್‌ಐಆರ್ ವೆಬ್‌ಸೈಟಿಗೆ ಹಾಕಬೇಕಿಲ್ಲ, ಹೆಸರು ಹೊರಗೆ ಬಿಡಬೇಡಿ ಅಂತ ದೂರಿನಲ್ಲೇ ಒಂದು ಸಾಲು ಬರೆಯಿರಿ.

ಹೋಗುವಾಗ ಮೆಸೇಜ್ ಇರುವ ಫೋನನ್ನೇ ತಗೊಂಡು ಹೋಗಿ, ಝೆರಾಕ್ಸ್ ಮಾತ್ರ ಸಾಲದು. ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು, ಹಳೇ ವಕೀಲರು ಇನ್ನೂ ಹಳೇ ಸಾಕ್ಷ್ಯ ಕಾಯ್ದೆಯ ಲೆಕ್ಕದಲ್ಲಿ 65ಬಿ ಅಂತಲೇ ಅನ್ನುತ್ತಾರೆ. ನಮೂನೆ ಠಾಣೆಯಲ್ಲಿ ಸಿಗುತ್ತದೆ. ಯಾರ ಫೋನಿನಿಂದ ತೆಗೆದದ್ದೋ ಅವರೇ ಸಹಿ ಹಾಕಬೇಕು, ಆದ್ದರಿಂದ ಆ ಹುಡುಗರ ಸ್ಕ್ರೀನ್‌ಶಾಟ್ ಕೊಡುವುದಾದರೆ ಅವರನ್ನೂ ಕರೆದುಕೊಂಡು ಹೋಗಿ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಅದಕ್ಕೆ ಮೊದಲು ಠಾಣೆಯ ಕಾಗದಪತ್ರ ನೋಡುವ ರೈಟರ್ ಕೋರ್ಟ್ ಕಾಗದದಲ್ಲಿ ಮುಳುಗಿರುತ್ತಾರೆ.