ನಾಲ್ಕು ಡಬ್ಬಿ, ಒಂದು ನಾಯಿ

ಗುಂಡಣ್ಣ ನಾಯಿಗಳ ಕೀಲುನೋವಿಗೆ ಅಂತ ಮಾರುವ ನಾಲ್ಕು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕರ ಮೇಲೂ ಓಡುವ ನಾಯಿಯ ಚಿತ್ರ. ಒಂದು ನಾಯಿಯ ಕಾಲಂತೂ ನೆಲಕ್ಕೇ ತಾಗಿರಲಿಲ್ಲ.

"ಇದರಲ್ಲಿ ಯಾವುದು ಒಳ್ಳೆಯದು, ನೀವೇ ಹೇಳಿ. ಭೀಮನಿಗೆ ವಯಸ್ಸಾಯಿತು. ಮಲಗಿ ಎದ್ದರೆ ಹಿಂಗಾಲು ಸೆಟೆದುಕೊಂಡಿರುತ್ತದೆ. ಸೋಫಾ ಹತ್ತುವ ಮುಂಚೆ ನಿಂತು ಯೋಚನೆ ಮಾಡುತ್ತಾನೆ."

"ಪರವಾಗಿಲ್ಲ, ನಿಮ್ಮ ಮನೆಯಲ್ಲಿ ಒಬ್ಬರಾದರೂ ಯೋಚನೆ ಮಾಡುತ್ತಾರಲ್ಲ," ಎಂದರು ಶಾಂತಕ್ಕ.

ನಮ್ಮ ಗುಂಪಿನಲ್ಲಿ ನಾಯಿ ಸಾಕದೇ ಇರುವವರು ಮೇಷ್ಟ್ರು ಒಬ್ಬರೇ. ಹಾಗಾಗಿ ನಾಯಿಯ ಬಗ್ಗೆ ಜಾಸ್ತಿ ಓದಿಕೊಂಡಿರುವವರೂ ಅವರೇ. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿನ ಹತ್ತಿರ ತಂದು ಓದಿದರು.

"ಗ್ಲುಕೋಸಮೈನ್. ಇದನ್ನು ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುತ್ತಾರೆ. ಕಾಂಡ್ರಾಯ್ಟಿನ್. ಇದು ದನ, ಹಂದಿ, ಶಾರ್ಕ್‌ಗಳ ಮೆದು ಎಲುಬಿನದು. ಕೀಲಿನಲ್ಲಿ ಇರುವ ಸಾಮಾನು ಇದು, ತಿಂದರೆ ಕೀಲಿಗೇ ಹೋಗಿ ಸೇರುತ್ತದೆ ಅನ್ನೋದು ಲೆಕ್ಕ."

"ಸರಿಯಾಗೇ ಇದೆಯಲ್ಲ ಲೆಕ್ಕ?"

"ಬೋಳುತಲೆಯವನು ಕೂದಲು ತಿಂದ ಹಾಗೆ," ಎಂದರು ಮೇಷ್ಟ್ರು. ಎಲ್ಲರೂ ಗುಂಡಣ್ಣನ ತಲೆ ನೋಡಿದೆವು. ಅವರು ಟೋಪಿ ಸರಿ ಮಾಡಿಕೊಂಡರು.

ಮೇಷ್ಟ್ರು ಬಿಡಲಿಲ್ಲ. ನಾಯಿ, ಬೆಕ್ಕುಗಳ ಕೀಲುನೋವಿನ ಮೇಲೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2022ರಲ್ಲಿ ಒಂದು ಪರಿಶೀಲನೆ ಬಂದಿತ್ತಂತೆ. ಒಮೆಗಾ-3 ಅನ್ನುವ ಕೊಬ್ಬು ಇರುವ ಆಹಾರ, ಮೀನೆಣ್ಣೆ ಇವುಗಳಿಂದ ನೋವು ಕಡಿಮೆಯಾಗಿದ್ದು ಕಂಡಿದೆ. ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಜೋಡಿಯಿಂದ ಕಂಡಿಲ್ಲ. ನೋವಿಗೆ ಅಂತ ಇದನ್ನು ಇನ್ನು ಹೇಳಬೇಡಿ ಎಂದೇ ಬರೆದುಬಿಟ್ಟಿದ್ದಾರೆ.

"ಬರೆಯಲಿ ಬಿಡಿ. ನಾನು ಕಣ್ಣಾರೆ ಕಂಡಿದ್ದೇನಲ್ಲ! ಈ ಹಳದಿ ಡಬ್ಬಿ ಶುರು ಮಾಡಿದ ಮೇಲೆ ಭೀಮನ ನಡಿಗೆಯೇ ಬೇರೆ."

ಆಗ ಗುಂಡಣ್ಣನ ಮಗಳು ಸುಮ್ನೆ ಫೋನ್ ತೆಗೆದು ಮುಂದೆ ಹಿಡಿದಳು. ವಿಡಿಯೋದಲ್ಲಿ ಭೀಮನ ಊಟ. ಭೀಮ ಬಟ್ಟಲಿನ ಅಂಚಿನಿಂದ ಶುರು ಮಾಡಿ, ಸುತ್ತಲೂ ನೆಕ್ಕಿ, ಒಂದು ಅಗುಳೂ ಬಿಡದೆ ತಿಂದ. ನಡುವೆ ಮಾತ್ರೆ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಾ ಉಳಿದಿತ್ತು. ಭೀಮ ಅದನ್ನು ಮೂಗಿನಿಂದ ಒಮ್ಮೆ ತಳ್ಳಿ ಹೊರಟುಹೋದ. ಪಕ್ಕದಿಂದ ಮರಿನಾಯಿ ಚಿನ್ನಿ ಬಂದು ಕಟುಂ ಅಂತ ಕಡಿದು ನುಂಗಿತು.

"ದಿನಾ ಇದೇ ಕಥೆ ಅಪ್ಪ," ಎಂದಳು.

ಗುಂಡಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಚಿನ್ನಿ ಅಷ್ಟೊಂದು ಹಾರಾಡುತ್ತಿರೋದು," ಎಂದರು. ಸೋಲೊಪ್ಪುವ ಜನ ಅಲ್ಲ.

ಇದರಲ್ಲಿ ಅವರೊಬ್ಬರದೇ ತಪ್ಪಲ್ಲ ಬಿಡಿ. ಕುಂಟುವ ನಾಯಿಗಳಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು, ಅವು ಕಾಲೂರುವ ಭಾರವನ್ನು ಯಂತ್ರದಲ್ಲಿ ಅಳೆದು ನೋಡಿದ ಅಧ್ಯಯನ 2012ರಲ್ಲೇ ಬಂದಿದೆ. ಯಂತ್ರ ಏನೂ ಬದಲಾಗಿಲ್ಲ ಅಂದಾಗಲೂ ಎಷ್ಟೋ ಮಾಲೀಕರು ನಾಯಿ ಸುಧಾರಿಸಿದೆ ಅಂದರು. ನೋಡಿದ ಪಶುವೈದ್ಯರೂ ಅಂದರು! ದುಡ್ಡು ಕೊಟ್ಟವರ ಕಣ್ಣಿಗೆ ನಾಯಿ ಓಡುತ್ತಲೇ ಇರುತ್ತದೆ, ಅಲ್ವಾ?

"ಹಾಗಾದರೆ ಮೀನೆಣ್ಣೆ ತಂದುಬಿಡಲಾ?"

"ತನ್ನಿ. ಆದರೆ ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ಇರೋದನ್ನು ನಂಬಬೇಡಿ," ಎಂದರು ಶಾಂತಕ್ಕ. ಅವರ ಮನೆಯಲ್ಲಿ ಎರಡು ಮುದಿ ನಾಯಿಗಳಿವೆ, ಹೀಗಾಗಿ ಅನುಭವದ ಮಾತು. "ಮುಂದೆ 1000 ಮಿಲಿಗ್ರಾಂ ಅಂತಿರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ತಿರುಗಿಸಿ ಇಪಿಎ, ಡಿಎಚ್‌ಎ ಅನ್ನೋ ಒಮೆಗಾ-3 ಎಷ್ಟು ಅಂತ ನೋಡಬೇಕು. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಎರಡೂ ಕೂಡಿದರೆ 300 ಇರುತ್ತದೆ, ಅಷ್ಟೇ. ಭೀಮನ ತೂಕಕ್ಕೆ ಎಷ್ಟು ಬೇಕು ಅನ್ನೋದನ್ನು ಡಾಕ್ಟರೇ ಹೇಳಬೇಕು. ಕಾಡ್ ಮೀನಿನ ಲಿವರ್ ಎಣ್ಣೆ ಮಾತ್ರ ಬೇಡ. ಅದರಲ್ಲಿ ವಿಟಮಿನ್ ಎ, ಡಿ ಇರುತ್ತದೆ. ಜಾಸ್ತಿಯಾದರೆ ಮೈಯಲ್ಲೇ ಕೂತು ತೊಂದರೆ ಕೊಡುತ್ತದೆ. ಮುಚ್ಚಳ ತೆಗೆದಾಗ ಕಮಟು ವಾಸನೆ ಬಂದರೆ ಎಸೆಯಿರಿ. ಮತ್ತೆ, ಮೊದಲ ದಿನವೇ ಪ್ರೀತಿ ಉಕ್ಕಿ ಸುರಿಯಬೇಡಿ. ಭೇದಿ ಆಗುತ್ತದೆ."

"ಸೋಫಾ ಹತ್ತಲಾರದ ನಾಯಿ ರಾತ್ರಿಯೆಲ್ಲಾ ಹೊರಗೆ ಓಡುತ್ತದೆ. ಅದೂ ಸುಧಾರಣೆಯೇ," ಎಂದರು ಮೇಷ್ಟ್ರು.

ಗುಂಡಣ್ಣ ಇನ್ನೊಂದು ಉಪಾಯ ತೆಗೆದರು. "ನನ್ನ ಮಂಡಿಗೆ ಅಂತ ತಂದ ಜಗಿಯೋ ಮಾತ್ರೆ ಮನೆಯಲ್ಲೇ ಇದೆ. ಅದರಲ್ಲಿ ಅರ್ಧ..."

"ಮುಟ್ಟಬೇಡಿ!" ಶಾಂತಕ್ಕನ ದನಿಗೆ ಮೇಜಿನ ಕೆಳಗೆ ಮಲಗಿದ್ದ ಭೀಮನೂ ಎದ್ದು ಕೂತ. ತಮಾಷೆ ಮಾಡುವ ವಿಷಯವಲ್ಲ ಇದು. ಮನುಷ್ಯರ ಸಿಹಿ ಮಾತ್ರೆಗಳಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಇರಬಹುದು. ಅದು ನಾಯಿಗೆ ವಿಷ. ರಕ್ತದ ಸಕ್ಕರೆ ದಿಢೀರ್ ಇಳಿಯುತ್ತದೆ, ಲಿವರ್ ಕೆಡುತ್ತದೆ. ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳನ್ನೂ ನಮ್ಮ ಡಬ್ಬಿಯಿಂದ ತೆಗೆದು ಕೊಡುವ ಹಾಗಿಲ್ಲ. ನಿಜವಾಗಿ ನೋವಿದ್ದರೆ ನಾಯಿಗಳಿಗೇ ಅಂತ ನೋವಿನ ಔಷಧಿಗಳಿವೆ, ಪಶುವೈದ್ಯರು ನೋಡಿ ಕೊಡುತ್ತಾರೆ. ನೋವಿನಲ್ಲಿರುವ ನಾಯಿಗೆ ತಿಂಗಳುಗಟ್ಟಲೆ ಪುಡಿ ತಿನ್ನಿಸಿ ಕಾಯುವುದು ನನ್ನ ಪ್ರಕಾರ ಅನ್ಯಾಯ.

"ಈಗ ಅಸಲು ವಿಷಯಕ್ಕೆ ಬನ್ನಿ," ಎಂದು ಶಾಂತಕ್ಕ ಗುಂಡಣ್ಣನ ಕೈ ಹಿಡಿದು ಭೀಮನ ಎದೆಯ ಪಕ್ಕಕ್ಕೆ ಇಟ್ಟರು. "ಒತ್ತದೆ ಸವರಿ. ಪಕ್ಕೆಲುಬು ಸಿಕ್ಕಿತಾ?"

ಗುಂಡಣ್ಣ ಸವರಿದರು. ಮತ್ತೆ ಸವರಿದರು. "ಇಲ್ಲೇ ಎಲ್ಲೋ ಇತ್ತು."

"ಸವರಿದರೆ ಒಂದೊಂದೂ ಎಣಿಸುವ ಹಾಗೆ ಸಿಗಬೇಕು. ಇಲ್ಲಿ ಬರೀ ಹಾಸಿಗೆ ಸಿಗುತ್ತಿದೆ. ಇಷ್ಟು ಭಾರ ಹೊತ್ತ ಮಂಡಿಗೆ ಯಾವ ಡಬ್ಬಿ ತಾನೇ ಏನು ಮಾಡೀತು?"

ಮೇಷ್ಟ್ರಿಗೆ ಇದೂ ಗೊತ್ತಿತ್ತು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಊಟ ಹಾಕಿ ಜೀವನಪೂರ್ತಿ ನೋಡಿದ್ದಾರೆ. ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಕೀಲುನೋವೂ ಅವುಗಳಿಗೆ ತಡವಾಗಿ ಬಂತು.

"ಅಂದರೆ ಎಲ್ಲಕ್ಕಿಂತ ಒಳ್ಳೆಯ ಔಷಧಿ ಏನೂ ಕೊಡದೇ ಇರೋದಾ?" ಗುಂಡಣ್ಣನ ಮುಖ ಇಳಿಯಿತು. ಅದೇ ಹೊತ್ತಿಗೆ ಅವರ ಕೈಯಲ್ಲಿದ್ದ ಬಿಸ್ಕತ್ತಿನ ಚೂರು ತನ್ನಷ್ಟಕ್ಕೆ ಮೇಜಿನ ಕೆಳಗೆ ಇಳಿಯುತ್ತಿತ್ತು. ಮಗಳು ತಡೆದಳು.

ಕೊನೆಗೆ ತೀರ್ಮಾನವಾಯಿತು. ಮೊದಲು ಡಾಕ್ಟರ ಹತ್ತಿರ ತೋರಿಸುವುದು. ಅವರು ಒಪ್ಪಿದರೆ ಮೀನೆಣ್ಣೆ ಒಂದೇ, ನಾಲ್ಕೂ ಡಬ್ಬಿ ಒಟ್ಟಿಗೆ ಬೇಡ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅನ್ನೋದೇ ತಿಳಿಯುವುದಿಲ್ಲ. ಇವತ್ತು ಒಂದು ವಿಡಿಯೋ, ಎರಡು ತಿಂಗಳಾದ ಮೇಲೆ ಅದೇ ಮೆಟ್ಟಿಲ ಮೇಲೆ, ಅದೇ ಹೊತ್ತಿಗೆ ಇನ್ನೊಂದು. ಚಿನ್ನಿಯ ಊಟ ಬೇರೆ ಕೋಣೆಯಲ್ಲಿ.

"ವಿಡಿಯೋ ಸರಿ," ಎಂದರು ಗುಂಡಣ್ಣ. "ಆದರೆ ಭೀಮ ಮೆಟ್ಟಿಲು ಹತ್ತಬೇಕಾದರೆ ನಾನು ಮೇಲೆ ನಿಂತು ಕರೆಯಬೇಕು. ಅಲ್ಲಿವರೆಗೆ ನಾನು ಹತ್ತೋದು ಹೇಗೆ? ನನ್ನ ಮಂಡಿಗೆ ಏನು ಹೇಳುತ್ತೀರಿ?"

"ಮೊದಲು ನಿಮ್ಮ ಪಕ್ಕೆಲುಬು ಹುಡುಕಿಕೊಂಡು ಬನ್ನಿ," ಎಂದರು ಶಾಂತಕ್ಕ.